ಲಾ ಸೀಟು ಸಿಕ್ಕಿದೆ, ಸೇರಬೇಕಾ? ನಾನು ಲೆಕ್ಕ ಹಾಕಿದ ಬಗೆ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ (ಎನ್‌ಎಲ್‌ಯು) ಪ್ರವೇಶ ಪರೀಕ್ಷೆ ಕ್ಲಾಟ್. ಅದರ ಕೌನ್ಸೆಲಿಂಗ್‌ನ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಲಾಗಿನ್ ಆದರೆ ಮೂರು ಆಯ್ಕೆ ಕಾಣುತ್ತವೆ: ಫ್ರೀಜ್, ಫ್ಲೋಟ್, ಎಕ್ಸಿಟ್. ಒತ್ತಲು ಇರುವುದು ಕೆಲವೇ ದಿನ. ತಂಗಿಯ ಮಗಳಿಗೆ ಒಂದು ಕಡೆ ಹೊರರಾಜ್ಯದ ಎನ್‌ಎಲ್‌ಯು ಸೀಟು, ಇನ್ನೊಂದು ಕಡೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿರುವ, ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಕಾಲೇಜಿನ ಸೀಟು. ಕೋರ್ಟಿನಲ್ಲಿ ಓಡಾಡುವವನು ನಾನು, ಹಾಗಾಗಿ ಲೆಕ್ಕದ ಹಾಳೆ ನನ್ನ ಪಾಲಿಗೆ ಬಂತು.

ಮೊದಲು ಆ ಮೂರು ಗುಂಡಿಗಳ ವಿಷಯ. ಫ್ರೀಜ್ ಎಂದರೆ ಇದೇ ಸೀಟು ಸಾಕು, ಮುಂದಿನ ಸುತ್ತು ಬೇಡ. ಎಕ್ಸಿಟ್ ಎಂದರೆ ಪ್ರಕ್ರಿಯೆಯಿಂದಲೇ ಹೊರಗೆ. ಫ್ಲೋಟ್ ಎಂದರೆ ಈ ಸೀಟು ಹಿಡಿದುಕೊಂಡೇ ಆದ್ಯತೆಯ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದಕ್ಕೆ ಕಾಯುವುದು. ಜನ ಎಡವುವುದು ಈ ಫ್ಲೋಟ್‌ನಲ್ಲೇ. ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದು, ನಿಮ್ಮನ್ನು ಮತ್ತೆ ಕೇಳುವುದಿಲ್ಲ. ಹೆಸರು ದೊಡ್ಡದು ಅಂತ ಎರಡು ದಿನದ ರೈಲಿನ ದೂರದ ಊರನ್ನು ಮೇಲೆ ಹಾಕಿ, ಕೊನೆಗೆ ಅದೇ ಗಂಟುಬಿದ್ದವರನ್ನು ನೋಡಿದ್ದೇನೆ. ಆದ್ಯತೆ ತುಂಬುವಾಗ ಪ್ರತಿ ಜೋಡಿಗೂ ಒಂದೇ ಪ್ರಶ್ನೆ ಕೇಳಿ: ಎರಡೂ ಸಿಕ್ಕರೆ ನಿಜವಾಗಿ ಎಲ್ಲಿಗೆ ಹೋಗುತ್ತೀರಿ? ಫ್ರೀಜ್ ಅಥವಾ ಫ್ಲೋಟ್‌ಗೆ ಕಟ್ಟುವ ದೃಢೀಕರಣ ಶುಲ್ಕ ವಾಪಸ್ ಬರುವುದಿಲ್ಲ. ಸೇರಿದರೆ ಫೀಸಿನಲ್ಲಿ ಮುರಿದುಕೊಳ್ಳುತ್ತಾರೆ.

ಇನ್ನು ಅಸಲು ಲೆಕ್ಕ. "ಯಾವ ಕಾಲೇಜು ಒಳ್ಳೆಯದು?" ಎಂದು ಶುರು ಮಾಡಿದರೆ ದಿಕ್ಕು ತಪ್ಪುತ್ತದೆ. ನಾನು ಶುರು ಮಾಡಿದ್ದು ಪದವಿ ಮುಗಿದ ಮೊದಲ ಮೂರು ವರ್ಷದಿಂದ, ಹಿಂದಕ್ಕೆ. ಹುಡುಗಿಗೆ ನ್ಯಾಯಾಧೀಶೆ ಆಗುವ ಆಸೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಕಿರಿಯ ಶ್ರೇಣಿಯ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ನಿಯಮವನ್ನು ಮತ್ತೆ ತಂದಿದೆ. ತಾತ್ಕಾಲಿಕ ಸನ್ನದು (ವಕೀಲಿಕೆಯ ಪರವಾನಗಿ) ಪಡೆದ ದಿನದಿಂದ ಆ ಮೂರು ವರ್ಷ ಎಣಿಕೆ. ಅಂದರೆ ಐದು ವರ್ಷ ಓದು, ಮೂರು ವರ್ಷ ಹಿರಿಯ ವಕೀಲರ ಕೈಕೆಳಗೆ ಜೂನಿಯರ್, ಆಮೇಲೆ ಪರೀಕ್ಷೆ.

ಆ ಮೂರು ವರ್ಷದ ಸಂಪಾದನೆ ಎಷ್ಟು? 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ₹20,000, ಗ್ರಾಮಾಂತರದಲ್ಲಿ ₹15,000 ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ತಾಲ್ಲೂಕು ಕೋರ್ಟಿನ ಕಡೆ ಬಸ್ ಚಾರ್ಜು, ಊಟಕ್ಕೆ ಮಾತ್ರ ಕೊಡುವ ಸೀನಿಯರ್‌ಗಳೂ ಇದ್ದಾರೆ. ಹಾಳೆಯಲ್ಲಿ ನಾನು ಬರೆದುಕೊಂಡದ್ದು ತಿಂಗಳಿಗೆ ₹10,000.

ಈಗ ಎನ್‌ಎಲ್‌ಯು ಸೀಟಿಗೆ ಬೇಕಾಗುವ ಸಾಲ. ವರ್ಷಕ್ಕೆ 3 ಲಕ್ಷದಂತೆ ಐದು ವರ್ಷ, ಒಟ್ಟು 15 ಲಕ್ಷ. ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ. ಮೊದಲ ವರ್ಷ ತೆಗೆದ 3 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೆಯದಕ್ಕೆ ಐದು, ಹೀಗೆ ಕೊನೆಯದಕ್ಕೆ ಎರಡು. ಸರಳ ಬಡ್ಡಿಯಲ್ಲೇ 6 ಲಕ್ಷ. ಕಂತು ಶುರುವಾಗುವ ದಿನ ತಲೆಯ ಮೇಲೆ 21 ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು ₹27,750. ಹದಿನೈದು ವರ್ಷಕ್ಕೆ ಎಳೆದರೆ ಸುಮಾರು ₹22,570, ಆದರೆ ಒಟ್ಟು ಕಟ್ಟುವುದು 40 ಲಕ್ಷ ದಾಟುತ್ತದೆ.

₹10,000 ಸಂಪಾದನೆ, ₹22,570 ಕಂತು. ಅದೂ ಪರೀಕ್ಷೆಗೆ ಅರ್ಹತೆ ಬರುವ ಎರಡು ವರ್ಷ ಮೊದಲೇ ಶುರು. ಸಾಲದ ಸೀಟಿನಿಂದ ಬಂದವರು ವಿಚಾರಣಾ ನ್ಯಾಯಾಲಯದ ಕಡೆ ಮುಖ ಮಾಡದೆ ಕಂಪನಿ, ಲಾ ಫರ್ಮ್ ಅಂತ ಹೋಗುವುದಕ್ಕೆ ಆಸಕ್ತಿಗಿಂತ ದೊಡ್ಡ ಕಾರಣ ಇದು. ಕಾರ್ಪೊರೇಟ್ ಕೆಲಸವೇ ಬೇಕು ಎನ್ನುವವರಿಗೆ ಇದೇ ಲೆಕ್ಕ ಬೇರೆ ಉತ್ತರ ಕೊಡುತ್ತದೆ: ದೊಡ್ಡ ಫರ್ಮ್‌ಗಳು ಕ್ಯಾಂಪಸ್‌ಗೆ ಬರುವ ಕೆಲವೇ ಎನ್‌ಎಲ್‌ಯುಗಳಲ್ಲಿ ಸೀಟಿದ್ದರೆ ಸಾಲ ಮಾಡುವುದಕ್ಕೂ ಅರ್ಥವಿದೆ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಲು ಆಗುತ್ತದೆಯೇ ನೋಡಿ. ಮೊದಲ ವರ್ಷ ತಿಂಗಳಿಗೆ ₹2,500, ಐದನೆಯ ವರ್ಷ ₹12,500. ಕಂತು ಶುರುವಾಗುವ ತನಕ ಹಾಗೆ ಕಟ್ಟಿದರೆ 15 ಲಕ್ಷ 15 ಲಕ್ಷವಾಗಿಯೇ ಉಳಿದು ಹತ್ತು ವರ್ಷದ ಕಂತು ₹19,825ರ ಆಸುಪಾಸಿಗೆ ಇಳಿಯುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ ಶೇ. 3ರಷ್ಟು ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯೇ ಎಂದು ಸೀಟು ಒಪ್ಪುವ ಮೊದಲೇ ನೋಡಿ. ಬ್ಯಾಂಕಿನ ಬಾಯಿಮಾತಿನ ಭರವಸೆ ಬೇಡ, ಮಂಜೂರಾತಿ ಪತ್ರವೇ ಕೈಗೆ ಬರಲಿ.

ಫೀಸಿನ ಪಕ್ಕದಲ್ಲಿ ಎಲ್ಲರೂ ಮರೆಯುವ ಒಂದು ಸಾಲು ಇಂಟರ್ನ್‌ಶಿಪ್. ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ್ದಕ್ಕೆ 12 ವಾರ. ಒಂದು ವರ್ಷದಲ್ಲಿ ಸತತ ನಾಲ್ಕು ವಾರ ಮೀರುವಂತಿಲ್ಲ. ಹಾಗಾಗಿ ಐದು ಬೇಸಿಗೆ, ಪ್ರತಿ ಸಲ ಒಂದು ತಿಂಗಳು ಎಂದಿಟ್ಟುಕೊಳ್ಳಿ. ಬಹುತೇಕ ಕಡೆ ಕಾಸು ಕೊಡುವುದಿಲ್ಲ. ದೆಹಲಿ, ಮುಂಬೈ ಎಂದರೆ ಪಿಜಿ ಬಾಡಿಗೆ, ಊಟ, ರೈಲು ಎಲ್ಲ ಕೈಯಿಂದ. ಹೈಕೋರ್ಟಿನ ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಮುಂದೆ ವಕೀಲಿಕೆ ಮಾಡುವ ಯೋಚನೆ ಇದ್ದರೆ ಇಂಟರ್ನ್‌ಶಿಪ್ಪೂ ಅಲ್ಲೇ ಆಗಲಿ. ಖರ್ಚು ಕಡಿಮೆ, ಮುಂದೆ ಛೇಂಬರಿಗೆ ಸೇರಿಸಿಕೊಳ್ಳುವ ಸೀನಿಯರ್ ಕೂಡ ಅಲ್ಲೇ ಸಿಗುತ್ತಾರೆ.

ಕಾಲೇಜು ನೋಡಲು ಹೋಗುವುದಾದರೆ ಅಡ್ಮಿಷನ್ ಕೌಂಟರ್ ಬಿಟ್ಟು ಬೇರೆ ಕಡೆ ಹೋಗಿ. ವಾರದ ಮಧ್ಯೆ ಬೆಳಿಗ್ಗೆ ಹನ್ನೊಂದಕ್ಕೆ ತರಗತಿಯ ಬಾಗಿಲಲ್ಲಿ ನಿಂತು ತಲೆ ಎಣಿಸಿ. ಒಂದು ವಿಭಾಗಕ್ಕೆ 60 ವಿದ್ಯಾರ್ಥಿಗಳ ಮಿತಿ ಇದೆ. ಹನ್ನೆರಡು ಜನ ಕಂಡರೆ ಉಳಿದವರ ಹಾಜರಾತಿ ಎಲ್ಲಿಂದ ಬರುತ್ತಿದೆ ಎಂದು ಯೋಚಿಸಿ. ಗ್ರಂಥಾಲಯದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರತಿ ಕೇಳಿ. ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಅದು. ಕಪಾಟಿನಲ್ಲಿ ಹಳೆಯ ಸಿಆರ್‌ಪಿಸಿ ಮಾತ್ರ ಇದ್ದರೆ ಪುಸ್ತಕ ಕೊಳ್ಳುವ ಅಭ್ಯಾಸ ನಿಂತಿದೆ ಎಂದರ್ಥ. ಕೊನೆಯ ವರ್ಷದ ಇಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು, ಇಂಟರ್ನ್‌ಶಿಪ್ ಕಾಲೇಜು ಕೊಡಿಸಿತೋ ಸ್ವಂತ ಪರಿಚಯದಲ್ಲಿ ಆಯಿತೋ ಕೇಳಿ. ಉದ್ಯೋಗದ ಅಂಕಿಅಂಶ ತೋರಿಸಿದರೆ ಬ್ಯಾಚಿನಲ್ಲಿ ಎಷ್ಟು ಜನ, ಅದರಲ್ಲಿ ಎಷ್ಟು ಜನರಿಗೆ ಕೆಲಸ ಎಂದು ಕೇಳಿ. ಒಬ್ಬರ ದೊಡ್ಡ ಸಂಬಳ ಸರಾಸರಿಯನ್ನು ಎತ್ತಿಬಿಡುತ್ತದೆ, ಅದರಿಂದ ನಿಮಗೇನೂ ಗೊತ್ತಾಗುವುದಿಲ್ಲ.

ವಕೀಲರ ಪರಿಷತ್ತಿನ ಮಾನ್ಯತೆ ನಿಮ್ಮ ಕೋರ್ಸಿಗೆ, ನಿಮ್ಮ ವರ್ಷಕ್ಕೆ ಇದೆಯೇ ಎಂಬುದನ್ನು ಪತ್ರದಲ್ಲೇ ನೋಡಬೇಕು. ಮೂರು ವರ್ಷದ ಎಲ್‌ಎಲ್‌ಬಿಗೆ ಇದ್ದು ಐದು ವರ್ಷದ್ದಕ್ಕೆ ನವೀಕರಣ ಆಗಿರದಿದ್ದರೆ ಪೆಟ್ಟು ಬೀಳುವುದು ಸನ್ನದಿಗೆ ಅರ್ಜಿ ಹಾಕಿದ ದಿನ, ಐದು ವರ್ಷದ ನಂತರ.

ಕೆಲಸದಲ್ಲಿದ್ದುಕೊಂಡು ಮೂರು ವರ್ಷದ ಸೀಟು ಪಡೆದವರಿಗೆ ಒಂದು ಮಾತು. "ಹಾಜರಾತಿ ನಾವು ನೋಡ್ಕೋತೀವಿ, ನೀವು ಪರೀಕ್ಷೆಗೆ ಬನ್ನಿ ಸಾಕು" ಎನ್ನುವ ಕಾಲೇಜಿಗೆ ಸೇರಬೇಡಿ. ಅದೇ 2008ರ ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 70 ಹಾಜರಾತಿ ಬೇಕು. ಬಲವಾದ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ. 65ರವರೆಗೆ ಪ್ರಾಂಶುಪಾಲರು ಬಿಡಬಹುದು, ಆಗಲೂ ಎಲ್ಲ ವಿಷಯ ಸೇರಿ ಶೇ. 70 ಇರಲೇಬೇಕು. ವಾರಕ್ಕೆ 30 ಗಂಟೆಯ ವೇಳಾಪಟ್ಟಿ. ಪರಿಷತ್ತಿನ 2024ರ ಸೆಪ್ಟೆಂಬರ್‌ನ ಸುತ್ತೋಲೆಯ ಪ್ರಕಾರ ಓದುವಾಗ ಉದ್ಯೋಗದಲ್ಲಿ ಇದ್ದಿರೋ ಇಲ್ಲವೋ ಎಂದೂ ಘೋಷಿಸಬೇಕು. ಸಂಬಳದ ದಾಖಲೆ, ಹಾಜರಾತಿ ದಾಖಲೆ ಒಂದೇ ಗಂಟೆಗೆ ಎರಡು ಊರು ತೋರಿಸಿದರೆ ಉತ್ತರ ಕೊಡಬೇಕಾದವರು ನೀವು.

ಮಗುವಿಗೆ ಕಾನೂನು ಇಷ್ಟವೋ ಇಲ್ಲವೋ ಖಾತ್ರಿ ಇಲ್ಲ ಎನ್ನುವ ಮನೆಗಳಿಗೆ ನಾನು ಐದು ವರ್ಷದ ಸೀಟು ಬಿಡಿ ಎನ್ನುತ್ತೇನೆ. ಆ ಕೋರ್ಸನ್ನು ಮಧ್ಯದಲ್ಲಿ ಮುರಿದು ಬಿಎ ಮಾತ್ರ ಪಡೆದು ಹೊರಬರಲು 2008ರ ನಿಯಮ ಬಿಡುವುದಿಲ್ಲ. ಮೂರು ವರ್ಷ ಕಳೆದು ಬಿಟ್ಟರೆ ಕೈಯಲ್ಲಿ ಪಿಯುಸಿ ಅಂಕಪಟ್ಟಿ ಅಷ್ಟೇ. ಬಿಕಾಂ ಅಥವಾ ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಹೋದರೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ನಡುವೆ ಒಂದು ಪದವಿಯಾದರೂ ಉಳಿಯುತ್ತದೆ.

ಭಾಷೆಯ ಕಾಲಂ ಕೂಡ ಹಾಳೆಯಲ್ಲಿತ್ತು. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ-ಇಂಗ್ಲಿಷ್ ಅನುವಾದದ ಪತ್ರಿಕೆ ಇದೆ, ಸಾಕ್ಷಿಯ ಹೇಳಿಕೆ ಕನ್ನಡದಲ್ಲೇ ನಡೆಯುತ್ತದೆ. ಐದು ವರ್ಷ ಹೊರಗೆ ಇಂಗ್ಲಿಷಿನಲ್ಲೇ ಓದಿ ಬಂದವರು ಫಿರ್ಯಾದು, ಕೈಫಿಯತ್ತು, ಪಾಟಿ ಸವಾಲು ಎಂಬ ಕೋರ್ಟಿನ ಮಾತುಗಳನ್ನು ಮೊದಲಿಂದ ಕಲಿಯಬೇಕಾಗುತ್ತದೆ. ಕಲಿಯುತ್ತಾರೆ, ಆರು ತಿಂಗಳು ಹೋಗುತ್ತದೆ. ಇದೊಂದೇ ಕಾರಣಕ್ಕೆ ಸೀಟು ಬಿಡುವುದು ಬೇಡ.

ಮೇಲಿನ ಲೆಕ್ಕ ಕಂಡ ಮೇಲೆ ಹುಡುಗಿ ಎಕ್ಸಿಟ್ ಒತ್ತಿದಳು. ಕೌನ್ಸೆಲಿಂಗ್ ಹಣಕ್ಕೆ, ಕ್ಲಾಟ್ ನಡೆಸುವ ಎನ್‌ಎಲ್‌ಯುಗಳ ಒಕ್ಕೂಟವಾದ ಕನ್ಸಾರ್ಟಿಯಂನ ನಿಯಮ ಬೇರೆ. ಕಾಲೇಜಿಗೇ ಫೀಸು ಕಟ್ಟಿ ಬಿಡುವವರಿಗೆ ಯುಜಿಸಿಯ 2018ರ ಪಟ್ಟಿ ಇದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ವಾಪಸ್ (ಗರಿಷ್ಠ ₹5,000 ಕಡಿತ), 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90, ಕೊನೆಯ ದಿನದ ನಂತರ 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವನ್ನೂ ಕೊಟ್ಟಿದೆ, ಆ ವರ್ಷದ ಸೂಚನೆ ನೋಡಿಕೊಳ್ಳಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಹಕ್ಕು ಕಾಲೇಜಿಗಿಲ್ಲ. ಸೀಟು ಬಿಡುವ ಪತ್ರವನ್ನು ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ, ಅದೇ ದಿನ ಇಮೇಲ್ ಕೂಡ ಮಾಡಿ. ಎಷ್ಟು ವಾಪಸ್ ಎಂಬುದನ್ನು ತೀರ್ಮಾನಿಸುವುದು ಆ ತಾರೀಖು.