ಮನೆಯಲ್ಲಿ ಇಬ್ಬರಿಗೆ ಮೀಸೊಥೀಲಿಯೋಮಾ: ಧೂಳಿಂದ ಬಂತಾ, ವಂಶದಿಂದ ಬಂತಾ?

ಮೀಸೊಥೀಲಿಯೋಮಾ ಅಂದರೆ ಶ್ವಾಸಕೋಶ, ಹೊಟ್ಟೆಯ ಸುತ್ತಲಿನ ತೆಳು ಪೊರೆಗೆ ಬರೋ ಕ್ಯಾನ್ಸರ್, ಹೆಚ್ಚಾಗಿ ಆಸ್ಬೆಸ್ಟಾಸ್ (ಕಲ್ನಾರು) ಧೂಳಿಂದ ಬರುತ್ತೆ. ಒಂದೇ ಮನೆಯಲ್ಲಿ ಇಬ್ಬರಿಗೆ ಈ ಕ್ಯಾನ್ಸರ್ ಬಂದರೆ "ನಮ್ಮ ವಂಶದಲ್ಲೇ ಇದೆ" ಅಂದುಬಿಡುತ್ತೇವೆ. ಸ್ವಲ್ಪ ತಡೀರಿ. ಮೊದಲು ಬಟ್ಟೆ ವಿಷಯ ಕೇಳಿ. ಆಸ್ಬೆಸ್ಟಾಸ್ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ ಅಂಗಿಯನ್ನು ಎಲ್ಲಿ ಕೊಡವುತ್ತಿದ್ದರು? ಅದನ್ನು ಒಗೆಯುತ್ತಿದ್ದವರು ಯಾರು? ಕಾರ್ಖಾನೆಯ ಬಾಗಿಲನ್ನೂ ನೋಡದ ಮನೆಯವರಿಗೆ ಈ ಕಾಯಿಲೆ ಬಂದಿದ್ದನ್ನು ಲಂಡನ್ನಿನ ವೈದ್ಯರು 1965ರಲ್ಲೇ ಬರೆದಿಟ್ಟಿದ್ದಾರೆ. ಹಂಚಿಕೊಂಡಿದ್ದು ರಕ್ತ ಅಲ್ಲ, ಧೂಳು.

ಈಗ ಒಂದು ಹಾಳೆ ತಗೊಂಡು ಮೂರು ತಲೆಮಾರಿನವರ ಹೆಸರು ಬರೆಯಿರಿ. ಪಕ್ಕದಲ್ಲಿ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ, ಏನು ಕೆಲಸ. ಧೂಳು ಒಳಗೆ ಹೋಗಿ ಕಾಯಿಲೆ ಕಾಣಿಸೋಕೆ 20ರಿಂದ 50 ವರ್ಷ ಹಿಡಿಯುತ್ತೆ, ಹಾಗಾಗಿ ಕೊನೆಯ ಕೆಲಸ ಬರೆದರೆ ಸಾಲದು, ಹದಿನೆಂಟರಲ್ಲಿ ಆರು ತಿಂಗಳು ಮಾಡಿ ಬಿಟ್ಟ ಕೆಲಸವೂ ಬೇಕು. ಹಿರಿಯರು ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳಲ್ಲ. "ಅಜ್ಜಿಗೆ ಒಂದು ಕಣ್ಣು ತೆಗೆದಿದ್ರು" ಅಂತಾರೆ ಅಷ್ಟೇ. ಯಾಕೆ ತೆಗೆದರು ಅಂತ ಬಿಡದೆ ಕೇಳಿ.

ಯಾಕಂದ್ರೆ ಬಿಎಪಿ1 ಅನ್ನೋ ಜೀನ್ ಕೆಟ್ಟಿರುವ ಮನೆಗಳಲ್ಲಿ ಮೀಸೊಥೀಲಿಯೋಮಾ ಜೊತೆಗೆ ಕಣ್ಣಿನ ಮೆಲನೋಮಾ (ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್), ಚರ್ಮದ ಮೆಲನೋಮಾ, ಕಿಡ್ನಿ ಕ್ಯಾನ್ಸರ್ ಕೂಡ ಕಾಣಿಸುತ್ತವೆ. ಇದು ಗೊತ್ತಾಗಿದ್ದು 2011ರಲ್ಲಿ. ಗಡ್ಡೆ ಬೆಳೆಯದಂತೆ ತಡೆಯೋದು ಈ ಜೀನಿನ ಕೆಲಸ. ಅಪ್ಪ ಅಥವಾ ಅಮ್ಮನಿಗೆ ಈ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ನಿಮ್ಮ ಹಾಳೆಯಲ್ಲಿ ಇಂಥ ಜೋಡಿ ಕಂಡರೆ, ಅಥವಾ ಚಿಕ್ಕ ವಯಸ್ಸಲ್ಲೇ ಬಂದಿದ್ದರೆ, ಹಾಳೆ ಹಿಡಿದು ಜೆನೆಟಿಕ್ ಕೌನ್ಸೆಲರ್ (ವಂಶದಿಂದ ಬರೋ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಹೋಗಿ.

ಜೀನ್ ಟೆಸ್ಟ್ ಮೊದಲು ಕಾಯಿಲೆ ಬಂದವರಿಗೆ ಮಾಡಿಸಿ. ಅವರಲ್ಲಿ ಯಾವ ದೋಷ ಇದೆ ಅಂತ ತಿಳಿಯದೆ ನಿಮ್ಮ ರಿಪೋರ್ಟ್ "ನೆಗೆಟಿವ್" ಅಂತ ಬಂದರೆ ಅದರಿಂದ ಹೆಚ್ಚೇನೂ ತಿಳಿಯಲ್ಲ. "ಅರ್ಥ ಸ್ಪಷ್ಟವಿಲ್ಲದ ಬದಲಾವಣೆ" ಅಂತಲೂ ಬರಬಹುದು, ಸುಮ್ನೆ ಗಾಬರಿಯಾಗಬೇಡಿ, ಅದು ದೋಷ ಅಂತ ಇನ್ನೂ ತೀರ್ಮಾನ ಆಗಿಲ್ಲ. ದೋಷ ಇದೆ ಅಂತಲೇ ಬಂದರೆ ಕಣ್ಣು, ಚರ್ಮ, ಕಿಡ್ನಿಯ ತಪಾಸಣೆ ತಪ್ಪದೆ ಆಗುತ್ತಿರಬೇಕು.

ಜೀನ್ ಸರಿ ಇದ್ದರೂ ಧೂಳು ಕುಡಿದವರಿಗೆ ಅಪಾಯ ಹೋಗಲ್ಲ. ಸಿಗರೇಟಿನಿಂದ ಮೀಸೊಥೀಲಿಯೋಮಾ ಜಾಸ್ತಿ ಆಗಲ್ಲ ನಿಜ, ಆದರೆ ಆಸ್ಬೆಸ್ಟಾಸ್ ಜೊತೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಏರುತ್ತೆ. ಸಿಗರೇಟು ಬಿಡೋದಿದ್ದರೆ ರಿಪೋರ್ಟ್ ಬರೋ ತನಕ ಕಾಯಬೇಡಿ.