ನೆಬ್ರಾಸ್ಕಾದ ಬೂದಿಯಲ್ಲಿ ಒಂದು ಬೇಸಿಗೆ

ನಮ್ಮಜ್ಜಿ ಒಲೆಯ ಬೂದಿ ಹಾಕಿ ಹಿತ್ತಾಳೆ ಚೊಂಬು ಉಜ್ಜುತ್ತಿದ್ದರು. ಬೂದಿ ಅಂದ್ರೆ ನನಗೆ ಆ ಮೆತ್ತನೆ ಪುಡಿಯೇ. ಆ್ಯಶ್‌ಫಾಲ್ ಎಂಬ ಪಳೆಯುಳಿಕೆ ತಾಣದಲ್ಲಿ ಮೊದಲ ದಿನ ಒಂದು ಚಿಟಿಕೆ ತಗೊಂಡು ಬೆರಳಲ್ಲಿ ತಿಕ್ಕಿದೆ. ಚರಚರ ಅಂತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬರೀ ಗಾಜಿನ ಚೂರು.

ಈ ಜಾಗ ಇರುವುದು ಅಮೆರಿಕದ ನೆಬ್ರಾಸ್ಕಾದಲ್ಲಿ, ರಾಯಲ್ ಎಂಬ ಪುಟ್ಟ ಊರಿನ ಹತ್ತಿರ. ಸುಮಾರು 1 ಕೋಟಿ 20 ಲಕ್ಷ ವರ್ಷಗಳ ಹಿಂದೆ ಇಲ್ಲೊಂದು ನೀರಿನ ಹೊಂಡ ಇತ್ತು. ಈಗಿನ ಐಡಾಹೊದಲ್ಲಿ ಜ್ವಾಲಾಮುಖಿ ಸಿಡಿದು, ಅದರ ಬೂದಿ 1,600 ಕಿ.ಮೀ. ದಾಟಿ ಇಲ್ಲಿ ಸುರಿಯಿತು. ಹೊಂಡದ ಬಳಿ ಸತ್ತ ಪ್ರಾಣಿಗಳು ಆ ಬೂದಿಯಲ್ಲೇ ಹೂತುಹೋದವು. 1971ರಲ್ಲಿ ಪಳೆಯುಳಿಕೆ ತಜ್ಞ ಮೈಕ್ ವೂರ್ಹೀಸ್ ಅವರಿಗೆ ಕೊರಕಲೊಂದರಲ್ಲಿ ಮರಿ ಘೇಂಡಾಮೃಗದ ತಲೆಬುರುಡೆ ಕಂಡಿತು. ಎಲ್ಲ ಶುರುವಾಗಿದ್ದು ಅಲ್ಲಿಂದ.

ನನ್ನ ಕೆಲಸ ರೈನೋ ಬಾರ್ನ್ ಎಂಬ ದೊಡ್ಡ ಶೆಡ್ಡಿನೊಳಗೆ. ಇಲ್ಲಿ ಮೂಳೆಗಳನ್ನು ಎತ್ತಿ ಒಯ್ಯುವುದಿಲ್ಲ. ಪ್ರಾಣಿ ಬಿದ್ದ ಭಂಗಿಯಲ್ಲೇ ಬಿಟ್ಟು, ಸುತ್ತಲಿನ ಬೂದಿ ಮಾತ್ರ ತೆಗೆಯುತ್ತೇವೆ. ಬಿದಿರು ಕಡ್ಡಿ, ಬ್ರಷ್, ಕಸದ ಮೊರ, ಇಷ್ಟೇ ಸಾಮಾನು. ಒಂದು ಬೆಳಿಗ್ಗೆಗೆ ಅಂಗೈ ಅಗಲ ಬಿಡಿಸಿದರೆ ಜಾಸ್ತಿ.

ಎರಡನೇ ವಾರ ಒಂದು ಕಾಲಿನ ಮೂಳೆ ಮೇಲೆ ಒರಟಾದ ಪದರ ಸಿಕ್ಕಿತು. ಅಂಟಿದ ಮಣ್ಣು ಅಂದುಕೊಂಡು ಕಡ್ಡಿ ಇಟ್ಟೆ. ಪಕ್ಕದಲ್ಲಿದ್ದ ಹಿರಿಯರು ತಟ್ಟನೆ ಕೈ ಹಿಡಿದರು. ಅದು ಮಣ್ಣಲ್ಲ, ಮೂಳೆ! ಶ್ವಾಸಕೋಶ ಹಾಳಾದಾಗ ಮೂಳೆಯ ಮೇಲೆ ಹೀಗೆ ಹೊಸ ಮೂಳೆ ಸ್ಪಂಜಿನಂತೆ ಬೆಳೆಯುತ್ತದಂತೆ. ಶ್ವಾಸಕೋಶ ಹಾಳು ಮಾಡಿದ್ದು, ಬೂದಿ ಬಿದ್ದ ಹುಲ್ಲು ಮೇಯುತ್ತಾ ಮೇಯುತ್ತಾ ಉಸಿರಿಗೆ ಎಳೆದುಕೊಂಡ ಆ ಗಾಜಿನ ಚೂರು. ನಾನು ಕೆರೆದಿದ್ದರೆ ಆ ಪ್ರಾಣಿಯ ಕಾಯಿಲೆಯ ಗುರುತೇ ಹೋಗುತ್ತಿತ್ತು. ಅಂದಿನಿಂದ ಒರಟು ಸಿಕ್ಕಲ್ಲೆಲ್ಲ ಮೊದಲು ನಿಲ್ಲುತ್ತೇನೆ, ಬೆಳಕು ಓರೆಯಾಗಿ ಹಿಡಿದು ನೋಡುತ್ತೇನೆ. ಹೊಸಬರಿಗೂ ಇದನ್ನೇ ಹೇಳುತ್ತೇನೆ.

ಇನ್ನೊಂದು, ಯಾವುದು ಯಾವುದರ ಮೇಲಿದೆ ಅನ್ನುವುದನ್ನು ಬರೆದಿಡಲೇಬೇಕು. ತಳದಲ್ಲಿ ಹಕ್ಕಿ, ಆಮೆ. ಅದರ ಮೇಲೆ ಕುದುರೆ, ಒಂಟೆ. ಎಲ್ಲಕ್ಕೂ ಮೇಲೆ ಘೇಂಡಾಮೃಗ. ಪುಟ್ಟ ಶ್ವಾಸಕೋಶದವು ಬೇಗ ಸತ್ತವು, ದೊಡ್ಡವು ವಾರಗಟ್ಟಲೆ ನರಳಿದವು. ಮೇಲಿಂದ ಕೆದಕುವ ನಾವು ಆ ದಿನಗಳನ್ನು ಹಿಂದುಮುಂದಾಗಿ ಓದುತ್ತಿರುತ್ತೇವೆ, ಅಲ್ವಾ?

ಇಲ್ಲಿ ಕೆಲವು ಘೇಂಡಾಮೃಗಗಳ ಬಾಯಲ್ಲಿ ಹುಲ್ಲಿನ ಬೀಜ ಕೂಡ ಸಿಕ್ಕಿದೆ. ಹಾಗಾಗಿ ದವಡೆ ಹತ್ತಿರ ಬಂದರೆ ನಾನು ಕಡ್ಡಿಯನ್ನೂ ಕೆಳಗಿಡುತ್ತೇನೆ. ಮೆತ್ತನೆ ಬ್ರಷ್ ಒಂದೇ.