ಪ್ಲೇಟಿಂಗ್ ಘಟಕದ ಸ್ಲಡ್ಜ್: ನೆಲ ಸೇರುವ ಮುನ್ನ ಆಗಬೇಕಾದ ಸಂಸ್ಕರಣೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಅಥವಾ ಮಂಡ್ಯದ ತೂಬಿನಕೆರೆಯಂತಹ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಪ್ಲೇಟಿಂಗ್ ಘಟಕ ನಡೆಸುವ ಮಾಲೀಕರಿಗೂ ಅಲ್ಲಿನ ಮೇಲ್ವಿಚಾರಕರಿಗೂ ಉಪಯೋಗವಾಗಲೆಂದು ಈ ಲೇಖನ. ಕಬ್ಬಿಣದ ಬಿಡಿಭಾಗಗಳಿಗೆ ಕ್ರೋಮ್, ನಿಕ್ಕೆಲ್ ಅಥವಾ ಸತುವಿನ ಲೇಪ ಕೊಟ್ಟು ತೊಳೆದ ನೀರನ್ನು ಇಟಿಪಿಯಲ್ಲಿ, ಅಂದರೆ ಘಟಕದ ತ್ಯಾಜ್ಯನೀರಿನ ಸಂಸ್ಕರಣಾ ಸ್ಥಾವರದಲ್ಲಿ, ಶುದ್ಧೀಕರಿಸಿದಾಗ ತಳದಲ್ಲಿ ಕೆಸರು ಉಳಿಯುತ್ತದೆ. ಕೆಲಸಗಾರರು ಅದನ್ನು ಸ್ಲಡ್ಜ್ ಎಂದೇ ಕರೆಯುತ್ತಾರೆ. ಒಣಗಿದ ಮೇಲೆ ಅದು ಹಸಿರು ಛಾಯೆಯ ಮಣ್ಣಿನಂತೆ ಕಾಣುವುದರಿಂದ, ಹಿತ್ತಲಿನ ಗುಂಡಿಗೆ ಸುರಿಯುವ ಅಥವಾ ಊರಿನ ಕಸದೊಂದಿಗೆ ಸಾಗಹಾಕುವ ಯೋಚನೆ ಸುಲಭವಾಗಿ ಬರುತ್ತದೆ. ಆದರೆ ಮೈಸೂರಿನ ಕಸ ಸುರಿಯುವ ಸೂಯೆಜ್ ಫಾರಂ ಸೇರುವ ಅಡುಗೆಮನೆಯ ಕಸ ಕೊಳೆತು ಮಣ್ಣಾಗುತ್ತದೆ, ಲೋಹ ಕೊಳೆಯುವುದಿಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಕಾರ್ಖಾನೆಯೊಂದು ಬಾಗಿಲು ಮುಚ್ಚಿ ದಶಕಗಳೇ ಕಳೆದರೂ, ಅದು ಬಿಟ್ಟುಹೋದ ತ್ಯಾಜ್ಯದ ರಾಶಿ ಸುತ್ತಲಿನ ಅಂತರ್ಜಲವನ್ನು ಕೆಡಿಸುತ್ತಲೇ ಬಂದಿತು. ಕಾವೇರಿ, ಕಬಿನಿಗಳ ಬಯಲಿನಲ್ಲಿ ಕೊಳವೆಬಾವಿಯ ನೀರನ್ನೂ ನೆಚ್ಚಿ ಬದುಕುವ ನಾವು ಇದನ್ನು ಬೇರೆಯವರ ಊರಿನ ಸುದ್ದಿ ಎಂದು ಓದಿ ಬಿಡುವಂತಿಲ್ಲ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ ಪ್ಲೇಟಿಂಗ್ ಸೇರಿದಂತೆ ಲೋಹದ ಮೇಲ್ಮೈ ಸಂಸ್ಕರಣೆಯ ಕೆಲಸಗಳೂ ಅವುಗಳಿಂದ ಹುಟ್ಟುವ ತ್ಯಾಜ್ಯಗಳೂ ಪಟ್ಟಿಯಾಗಿವೆ. ಹೀಗಾಗಿ ಘಟಕ ಎಷ್ಟೇ ಚಿಕ್ಕದಿರಲಿ, ನಮೂನೆ 1ರಲ್ಲಿ ಅರ್ಜಿ ಸಲ್ಲಿಸಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರಪತ್ರ ಪಡೆದಿರಲೇಬೇಕು.

ಸಂಸ್ಕರಣೆಯ ಮೊದಲ ಹೆಜ್ಜೆ ಇಟಿಪಿಯಲ್ಲಿ ಅಲ್ಲ, ಚರಂಡಿಯಲ್ಲಿ ಆರಂಭವಾಗುತ್ತದೆ. ಕ್ರೋಮ್ ತೊಟ್ಟಿಯ ನೀರು, ಸೈನೈಡ್ ತೊಟ್ಟಿಯ ನೀರು, ಆಮ್ಲದಲ್ಲಿ ಅದ್ದಿ ತೊಳೆದ ನೀರು ಇವು ಮೂರೂ ಬೇರೆ ಬೇರೆ ಕೊಳವೆಗಳಲ್ಲಿ ಹರಿದು ಬೇರೆ ಬೇರೆ ತೊಟ್ಟಿಗಳನ್ನು ಸೇರಬೇಕು. ಸೈನೈಡ್ ಇರುವ ನೀರಿಗೆ ಆಮ್ಲ ಬೆರೆತರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ಅದು ನಿಮಿಷಗಳಲ್ಲಿ ಜೀವ ತೆಗೆಯಬಲ್ಲದು. ಸಣ್ಣ ಘಟಕಗಳಲ್ಲಿ ಖರ್ಚು ಉಳಿಸಲು ಒಂದೇ ಚರಂಡಿ ಮಾಡಿ, ಮುಂದಿನದನ್ನೆಲ್ಲ ಇಟಿಪಿ ನೋಡಿಕೊಳ್ಳುತ್ತದೆ ಎಂದುಕೊಳ್ಳುವುದಕ್ಕಿಂತ ದೊಡ್ಡ ತಪ್ಪು ಈ ಉದ್ಯಮದಲ್ಲಿ ಇಲ್ಲವೆಂದೇ ನಾನು ಭಾವಿಸುತ್ತೇನೆ. ಒಮ್ಮೆ ಬೆರೆತ ನೀರನ್ನು ಯಾವ ರಾಸಾಯನಿಕದಿಂದಲೂ ಸರಿಯಾಗಿ ಬೇರ್ಪಡಿಸಲಾಗುವುದಿಲ್ಲ.

ಸೈನೈಡ್ ನೀರನ್ನು ಕ್ಷಾರೀಯವಾಗಿಟ್ಟು, ಅಂದರೆ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಹತ್ತಕ್ಕಿಂತ ಮೇಲಿರುವಂತೆ ನೋಡಿಕೊಂಡು, ಸೋಡಿಯಂ ಹೈಪೋಕ್ಲೋರೈಟ್ ಸೇರಿಸಿ ಸೈನೈಡನ್ನು ಸೈನೇಟ್ ಆಗಿಸಬೇಕು. ಆಮೇಲೆ ಪಿಎಚ್ಅನ್ನು ಸುಮಾರು ಎಂಟೂವರೆಗೆ ಇಳಿಸಿ ಇನ್ನಷ್ಟು ಹೈಪೋಕ್ಲೋರೈಟ್ ಕೊಟ್ಟರೆ ಅದು ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ.

ಕ್ರೋಮಿಯಂನ ವಿಷಯ ಇನ್ನೂ ಸೂಕ್ಷ್ಮ. ತೊಟ್ಟಿಯ ನೀರಿಗೆ ಹಳದಿ ಬಣ್ಣ ಕೊಡುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕವಷ್ಟೇ ಅಲ್ಲ, ನೀರಿನಲ್ಲಿ ಸರಾಗವಾಗಿ ಕರಗುತ್ತದೆ. ಸುಣ್ಣ ಹಾಕಿದರೂ ತಳಕ್ಕೆ ಕೂರುವುದಿಲ್ಲ. ಆದ್ದರಿಂದ ಗಂಧಕಾಮ್ಲ ಸೇರಿಸಿ ಪಿಎಚ್ಅನ್ನು ಎರಡರಿಂದ ಮೂರರ ನಡುವೆ ತಂದು, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಅದನ್ನು ತಳಕ್ಕೆ ಕೂರಿಸಬಹುದಾದ ಟ್ರೈವೇಲೆಂಟ್ ಕ್ರೋಮಿಯಂ ಆಗಿ ಬದಲಿಸಬೇಕು. ಈ ಹಂತದಲ್ಲಿ ಸಲ್ಫರ್ ಡೈಆಕ್ಸೈಡ್ ಘಾಟು ಏಳುವುದರಿಂದ ಗಾಳಿಯಾಡುವ ಜಾಗ, ಮುಖಕವಚ, ಕೈಗವಸು ಇರಲೇಬೇಕು. ಹಳದಿ ಹೋಗಿ ಹಸಿರು ಬಂದರೆ ಕೆಲಸ ಮುಗಿಯಿತೆಂದು ಕಣ್ಣಂದಾಜಿನಲ್ಲಿ ಬಿಡುವುದು ವಾಡಿಕೆ. ಆದರೆ ಕಣ್ಣಿಗೆ ಕಾಣದಷ್ಟು ಹಳದಿ ಉಳಿದಿದ್ದರೂ ಪರೀಕ್ಷೆಯಲ್ಲಿ ಸೋಲುವಷ್ಟು ಕ್ರೋಮಿಯಂ ಇರಬಹುದು. ಒಂದಿಷ್ಟು ನೀರನ್ನು ಬೇರೆ ತೆಗೆದು ಆಮ್ಲೀಯವಾಗಿಸಿ ಡೈಫಿನೈಲ್ ಕಾರ್ಬಜೈಡ್ ಹನಿಸಿದಾಗ ನೇರಳೆ ಬಣ್ಣ ತಿರುಗಿದರೆ ಹೆಕ್ಸಾವೇಲೆಂಟ್ ಇನ್ನೂ ಉಳಿದಿದೆ ಎಂದರ್ಥ. ಇದನ್ನು ಪ್ರತಿ ಬ್ಯಾಚಿಗೂ ಮಾಡುವುದು ಒಳ್ಳೆಯದು. ಸೈನೈಡ್ ಸಾಲಿನಲ್ಲಿ ಮಿಕ್ಕ ಹೈಪೋಕ್ಲೋರೈಟ್ ಇಲ್ಲಿಗೆ ಬಂದು ಸೇರಿದರೆ, ಕಷ್ಟಪಟ್ಟು ಬದಲಿಸಿದ ಟ್ರೈವೇಲೆಂಟ್ ಕ್ರೋಮಿಯಂ ಮತ್ತೆ ಹೆಕ್ಸಾವೇಲೆಂಟ್ ಆಗಬಲ್ಲದು. ಚರಂಡಿಗಳು ಬೇರೆ ಬೇರೆ ಇರಲಿ ಎಂದು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇದಾದ ಮೇಲೆ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ಅನ್ನು ಎಂಟೂವರೆಯ ಆಸುಪಾಸಿಗೆ ಏರಿಸಿದರೆ ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ. ನಿಕ್ಕೆಲ್‌ಗೆ ಇದಕ್ಕಿಂತ ಹೆಚ್ಚಿನ ಪಿಎಚ್ ಬೇಕು, ಆದರೆ ಪಿಎಚ್ ತೀರ ಏರಿದರೆ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ. ಎರಡೂ ಇರುವ ಘಟಕದವರು ಅವನ್ನು ಪ್ರತ್ಯೇಕವಾಗಿಯೇ ಕೂರಿಸುವುದು ಕ್ಷೇಮ. ಸುಣ್ಣ ಅಗ್ಗ, ಆದರೆ ಸ್ಲಡ್ಜ್‌ನ ತೂಕ ಹೆಚ್ಚುತ್ತದೆ. ವಿಲೇವಾರಿಗೆ ಟನ್ನಿನ ಲೆಕ್ಕದಲ್ಲಿ ಹಣ ಕೊಡುವಾಗ ಈ ಉಳಿತಾಯ ಉಳಿತಾಯವಾಗಿರುವುದಿಲ್ಲ. ಕೂತ ಸ್ಲಡ್ಜನ್ನು ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ಹೊರಬಂದ ನೀರನ್ನು ಇಟಿಪಿಗೇ ಮರಳಿ ಬಿಡಬೇಕು.

ಈಗ ಪರೀಕ್ಷೆ. ತ್ಯಾಜ್ಯದ ಅಪಾಯವನ್ನು ಅಳೆಯುವ ಟಿಸಿಎಲ್‌ಪಿ ವಿಧಾನದಲ್ಲಿ ಸ್ಲಡ್ಜ್‌ನ ಮಾದರಿಯನ್ನು ಅದರ ತೂಕದ ಇಪ್ಪತ್ತು ಪಟ್ಟು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಹಾಕಿ, ಸುಮಾರು 18 ಗಂಟೆ ತಿರುಗಿಸಿ, ಸೋಸಿದ ನೀರಿನಲ್ಲಿ ಎಷ್ಟು ಲೋಹ ಹೊರಬಂದಿದೆ ಎಂದು ನೋಡುತ್ತಾರೆ. 2016ರ ನಿಯಮಗಳ ಎರಡನೆಯ ಅನುಸೂಚಿಯಂತೆ ಈ ನೀರಿನಲ್ಲಿ ಕ್ರೋಮಿಯಂ ಅಥವಾ ಸೀಸ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1 ಮಿಲಿಗ್ರಾಂ ಮುಟ್ಟಿದರೆ ಆ ತ್ಯಾಜ್ಯ ಅಪಾಯಕಾರಿಯೇ. ಸುರಕ್ಷಿತ ಭೂಭರ್ತಿಗೆ, ಅಂದರೆ ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಜಾಗಕ್ಕೆ, ನೇರವಾಗಿ ಒಯ್ಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಅಳತೆ ಬೇರೆ. ಅಲ್ಲಿ ಬರಿಯ ನೀರಿನಲ್ಲಿ ಸೋಸಿ ನೋಡಿದಾಗ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.5, ಸೀಸ 2, ಕ್ಯಾಡ್ಮಿಯಂ 0.2, ನಿಕ್ಕೆಲ್ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಉರಿದಾಗ ಹೆಚ್ಚು ಶಾಖ ಕೊಡುವ ತ್ಯಾಜ್ಯವನ್ನು ಹೂಳುವಂತಿಲ್ಲ.

ಪರೀಕ್ಷೆಯಲ್ಲಿ ಸೋತ ಸ್ಲಡ್ಜ್‌ಗೆ ಮರಳು, ಬೂದಿ, ಮಣ್ಣು ಬೆರೆಸಿ ಅಂಕಿಯನ್ನು ಇಳಿಸುವ ದಾರಿ ಕೆಲವರಿಗೆ ತೋಚುತ್ತದೆ. ನೆಲಕ್ಕೆ ಸೇರಿಸುವ ಮುನ್ನ ಸಂಸ್ಕರಣೆ ಕಡ್ಡಾಯವೆಂದು 1984ರ ತಿದ್ದುಪಡಿಯಲ್ಲಿ ವಿಧಿಸಿದ ಅಮೆರಿಕದ ಕಾನೂನು ವ್ಯವಸ್ಥೆಯಲ್ಲಿ, ಸಂಸ್ಕರಣೆಯ ಬದಲಿಗೆ ಹೀಗೆ ತೆಳುವಾಗಿಸುವುದನ್ನೇ ನಿಷೇಧಿಸಲಾಗಿದೆ. ಅದರ ಹಿಂದಿನ ತರ್ಕ ಎಲ್ಲಿಯಾದರೂ ಒಂದೇ: ರಾಶಿ ದೊಡ್ಡದಾಗುತ್ತದೆಯೇ ಹೊರತು ಒಳಗಿನ ಲೋಹ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ, ಮಳೆಗೆ ಇಳಿದು ಹೋಗುವುದೂ ನಿಲ್ಲುವುದಿಲ್ಲ. ಸ್ಥಿರೀಕರಣ ಇದಲ್ಲ. ಸಿಮೆಂಟ್, ಸುಣ್ಣ, ಹಾರುಬೂದಿಗಳನ್ನು ಲೆಕ್ಕ ಹಾಕಿದ ಪ್ರಮಾಣದಲ್ಲಿ ಕಲಸಿ, ಗಟ್ಟಿಯಾಗಲು ಬಿಟ್ಟು, ಲೋಹವನ್ನು ಕರಗದ ರೂಪದಲ್ಲಿ ಹಿಡಿದಿಟ್ಟು, ಮತ್ತೆ ಪರೀಕ್ಷೆ ಮಾಡಿ ಪಾಸಾದರೆ ಮಾತ್ರ ಹೂಳುವುದು ಸ್ಥಿರೀಕರಣ. ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಮೆಂಟಿನ ಹಿಡಿತಕ್ಕೂ ಸರಿಯಾಗಿ ಸಿಗುವುದಿಲ್ಲವಾದ್ದರಿಂದ, ಘಟಕದಲ್ಲಿ ಅರೆಬರೆಯಾಗಿ ಬಿಟ್ಟ ಕೆಲಸ ಇಲ್ಲಿ ಬಯಲಾಗುತ್ತದೆ.

ಈ ಸ್ಥಿರೀಕರಣವನ್ನು ಸಣ್ಣ ಘಟಕಗಳು ಸ್ವತಃ ಮಾಡುವ ಅಗತ್ಯವಿಲ್ಲ. ದಾಬಸ್‌ಪೇಟೆಯ ಬಳಿ ಇರುವಂತಹ ಅಧಿಕೃತ ಸಾಮೂಹಿಕ ವಿಲೇವಾರಿ ಕೇಂದ್ರದ ಸದಸ್ಯತ್ವ ಪಡೆದು ಅಲ್ಲಿಗೆ ಕಳುಹಿಸಬಹುದು. ಅಲ್ಲಿಯವರೆಗೆ ಸ್ಲಡ್ಜನ್ನು ಮೇಲ್ಛಾವಣಿಯಿರುವ, ನೀರಿಳಿಯದ ನೆಲದ ಮೇಲೆ ಇಡಬೇಕು, ಮತ್ತು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಚೀಲ, ಡ್ರಮ್ಮುಗಳಿಗೆ ನಮೂನೆ 8ರ ಹಳದಿ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಎಂಬ ಎಚ್ಚರಿಕೆಯನ್ನು ಕೆಂಪು ಅಕ್ಷರದಲ್ಲಿ ಕನ್ನಡದಲ್ಲಿಯೂ ಬರೆಯಬೇಕು; ಹೊರುವ ಕೆಲಸಗಾರರು ಓದುವುದು ಅದನ್ನೇ.

ಲಾರಿ ಹೊರಡುವಾಗ ಸಾಗಣೆಯ ಪತ್ರವಾದ ನಮೂನೆ 10ರ ಮ್ಯಾನಿಫೆಸ್ಟ್‌ನ ಏಳು ಪ್ರತಿಗಳಿಗೂ ಸಹಿ ಮಾಡಿ, ಬಿಳಿ ಪ್ರತಿಯನ್ನು ರಾಜ್ಯ ಮಂಡಳಿಗೆ ಕಳುಹಿಸಿ, ಸಾಗಣೆದಾರರ ಸಹಿ ಪಡೆದ ಹಳದಿ ಪ್ರತಿಯನ್ನು ತಮ್ಮಲ್ಲಿಯೇ ಉಳಿಸಿಕೊಳ್ಳಬೇಕು. ತ್ಯಾಜ್ಯ ತಲುಪಿದ ಮೇಲೆ ವಿಲೇವಾರಿ ಕೇಂದ್ರದವರು ಘಟಕಕ್ಕೆ ಕಳುಹಿಸುವುದು ನೀಲಿ ಪ್ರತಿ. ಅದು ಬಾರದಿದ್ದರೆ ಸುಮ್ಮನಿರದೆ ಫೋನ್ ಮಾಡಿ ವಿಚಾರಿಸಬೇಕು, ಬಂದಾಗ ಅದರಲ್ಲಿನ ತೂಕವನ್ನು ಹಳದಿ ಪ್ರತಿಯ ತೂಕದೊಂದಿಗೆ ತಾಳೆ ನೋಡಿ ನಮೂನೆ 3ರ ದಾಖಲೆಗೆ ಸೇರಿಸಬೇಕು. ಪ್ರತಿ ವರ್ಷ ಜೂನ್ 30ರೊಳಗೆ ನಮೂನೆ 4ರಲ್ಲಿ ಸಲ್ಲಿಸುವ ವಾರ್ಷಿಕ ವರದಿಯನ್ನು ಈ ದಾಖಲೆಯಿಂದಲೇ ತುಂಬಬೇಕಾಗುತ್ತದೆ.